ಜೇನು ಕಾಪಾಡಿದ ಪ್ರೊಫೆಸರ್

1941ರಲ್ಲಿ ಮ್ಯೂನಿಕ್‌ನ ಪ್ರಾಧ್ಯಾಪಕ ಕಾರ್ಲ್ ಫಾನ್ ಫ್ರಿಶ್ ಅವರ ಕೆಲಸ ಹೋಗುವುದರಲ್ಲಿತ್ತು. ತಾಯಿಯ ತಾಯಿ ಯಹೂದಿ ಮೂಲದವರು. ನಾಜಿಗಳಿಗೆ ಅಷ್ಟೇ ಸಾಕಿತ್ತು. ಅದೇ ಹೊತ್ತಿಗೆ ನೊಸೆಮಾ ರೋಗ ಜರ್ಮನಿಯ ಜೇನುಗೂಡುಗಳನ್ನು ಖಾಲಿ ಮಾಡುತ್ತಿತ್ತು. ಅದರ ಅಧ್ಯಯನಕ್ಕೆ ಅವರೇ ಬೇಕಾದರು, ವಜಾ ಮುಂದಕ್ಕೆ ಹೋಯಿತು!

1886ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಫ್ರಿಶ್, ಜೇನುಹುಳುಗಳಿಗೆ ಬಣ್ಣ ಕಾಣುತ್ತದೆಂದು ತರುಣರಿದ್ದಾಗಲೇ ಸಾಬೀತು ಮಾಡಿದ್ದರು. ಅದಕ್ಕೆ ಬಳಸಿದ್ದು ಬಣ್ಣದ ಕಾಗದ, ಸಕ್ಕರೆ ನೀರು, ಬೆಟ್ಟದಷ್ಟು ತಾಳ್ಮೆ. ಅವರ ದೊಡ್ಡ ಶೋಧ ಜೇನಿನ ಕುಣಿತದ್ದು. ಮೇವು ಕಂಡುಬಂದ ಹುಳು ಗೂಡಿನ ಕತ್ತಲಲ್ಲಿ, ಲಂಬವಾದ ಎರಿಯ ಮೇಲೆ ಮೈ ಕುಲುಕುತ್ತ ಓಡುತ್ತದೆ. ಆ ಓಟ ಎಷ್ಟು ಓರೆಯೋ, ಸೂರ್ಯನಿಂದ ಅಷ್ಟೇ ಓರೆಯಲ್ಲಿ ಹೂವಿದೆ. ಕುಲುಕಾಟ ಹೆಚ್ಚು ಹೊತ್ತು ನಡೆದರೆ ಹೂವು ಹೆಚ್ಚು ದೂರ. 1973ರಲ್ಲಿ ನೊಬೆಲ್ ಬಂತು, 1982ರಲ್ಲಿ ತೀರಿಕೊಂಡರು.

ನಿಯೋನಿಕೋಟಿನಾಯ್ಡ್ ಕೀಟನಾಶಕಗಳು ಬಂದದ್ದು ಆಮೇಲೆ. ಅವು ಕೆಡಿಸುವುದು ಇದೇ ದಾರಿಯ ಲೆಕ್ಕವನ್ನು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ರಾನ್ಸ್‌ನ ಸಂಶೋಧಕರು ಹುಳುಗಳ ಬೆನ್ನಿಗೆ ಪುಟ್ಟ ಚಿಪ್ ಅಂಟಿಸಿ, ಕೊಲ್ಲದಷ್ಟು ಥಯಾಮೆಥಾಕ್ಸಾಮ್ ಉಣಿಸಿ ದೂರ ಬಿಟ್ಟರು. ಅವುಗಳಲ್ಲಿ ಹಲವು ಗೂಡಿಗೆ ಮರಳಲೇ ಇಲ್ಲ. 2018ರಲ್ಲಿ ಯುರೋಪ್ ಒಕ್ಕೂಟ ಅದೂ ಸೇರಿ ಮೂರು ಕೀಟನಾಶಕಗಳನ್ನು ಬಯಲು ಬೆಳೆಗಳಿಗೆ ನಿಷೇಧಿಸಿತು.