ಜಾನ್ ಗ್ಯಾರಂಡ್: ರೈಫಲ್‌ನ ದೋಷಗಳ ಬೆನ್ನು ಹತ್ತಿದ ಕುಶಲಕರ್ಮಿ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದಿದ್ದ ಎಂ-1 ರೈಫಲ್‌ನ ಹೆಸರನ್ನು ಅನೇಕರು ಕೇಳಿರಬಹುದು. ಅದನ್ನು ರೂಪಿಸಿದ ಜಾನ್ ಗ್ಯಾರಂಡ್ ಶಾಲೆಯಲ್ಲಿ ಕಲಿತದ್ದು ಕಡಿಮೆ, ಕಾರ್ಖಾನೆಯಲ್ಲಿ ಕಲಿತದ್ದೇ ಹೆಚ್ಚು.

ಗ್ಯಾರಂಡ್ 1888ರ ಜನವರಿ 1ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ದೊಡ್ಡ ಕುಟುಂಬವೊಂದರಲ್ಲಿ ಜನಿಸಿದರು. ತಾಯಿ ತೀರಿಕೊಂಡ ನಂತರ ಕುಟುಂಬವು ಅಮೆರಿಕದ ಕನೆಕ್ಟಿಕಟ್‌ಗೆ ಬಂತು. ಬಾಲಕ ಗ್ಯಾರಂಡ್ ಬಟ್ಟೆ ಗಿರಣಿಯಲ್ಲಿ ನೆಲ ಗುಡಿಸುತ್ತಲೇ ಇಂಗ್ಲಿಷ್ ಕಲಿತರು, ಯಂತ್ರಗಳನ್ನು ನೋಡಿ ನೋಡಿ ಮೆಕ್ಯಾನಿಕ್ ಆದರು. 1919ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಸರಕಾರಿ ಶಸ್ತ್ರಾಗಾರಕ್ಕೆ ಸೇರಿದರು.

ಅಲ್ಲಿ ಅವರಿಗೆ ವಹಿಸಿದ ಕೆಲಸ ಅರೆ ಸ್ವಯಂಚಾಲಿತ ರೈಫಲ್ ತಯಾರಿಸುವುದು. ಇಂತಹ ರೈಫಲ್‌ನಲ್ಲಿ ಒಂದು ಗುಂಡು ಹಾರಿದೊಡನೆ ಬೋಲ್ಟ್ ತಾನಾಗಿ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯಬೇಕು, ಮುಂದೆ ಬರುವಾಗ ಹೊಸ ತೋಟಾವನ್ನು ನಳಿಕೆಗೆ ತಳ್ಳಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ರೈಫಲ್ ನಿಂತುಬಿಡುತ್ತದೆ. ಯುದ್ಧಭೂಮಿಯಲ್ಲಿ ಅದು ಸೈನಿಕನ ಪ್ರಾಣದ ಪ್ರಶ್ನೆ.

ಗ್ಯಾರಂಡರ ಮೊದಲ ಮಾದರಿ ತೋಟಾದ ಹಿಂಬದಿಯ ಕಿಡಿಗುಳಿಗೆ ಸ್ವಲ್ಪ ಹಿಂದೆ ಸರಿಯುವ ಬಲದಿಂದ ನಡೆಯುತ್ತಿತ್ತು. ಸೈನ್ಯವು ತೋಟಾ ಮತ್ತು ಮದ್ದನ್ನು ಬದಲಿಸಿದಾಗ ಆ ವಿಧಾನ ಕೈಕೊಟ್ಟಿತು. ಅವರು ವರ್ಷಗಳ ಶ್ರಮವನ್ನು ಬದಿಗಿಟ್ಟು, ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡದಿಂದ ನಡೆಯುವ ಹೊಸ ಮಾದರಿ ರೂಪಿಸಿದರು. ಎಂಟು ತೋಟಾ ಹಿಡಿಸುವ ಈ ರೈಫಲನ್ನು ಸೈನ್ಯವು 1936ರಲ್ಲಿ ಅಂಗೀಕರಿಸಿತು.

ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಅನಿಲವನ್ನು ನಳಿಕೆಯ ತುದಿಗೆ ಜೋಡಿಸಿದ ಟೊಪ್ಪಿಯಲ್ಲಿ ಹಿಡಿಯಲಾಗುತ್ತಿತ್ತು. ಅಲ್ಲಿ ಮಸಿ ಕಟ್ಟುತ್ತಿತ್ತು, ಭಾಗಗಳು ಸಡಿಲವಾಗುತ್ತಿದ್ದವು. ನಳಿಕೆಯ ತುದಿಯ ಬಳಿ ಕೆಳಭಾಗದಲ್ಲಿ ಸಣ್ಣ ರಂಧ್ರ ಕೊರೆದು ಅನಿಲ ಪಡೆಯುವ ವ್ಯವಸ್ಥೆ ಬಂದ ಮೇಲೆ ಆ ದೋಷ ನೀಗಿತು. ಇನ್ನೊಂದು ದೋಷ ವಿಚಿತ್ರವಾಗಿತ್ತು. ಆರು ಗುಂಡು ಸರಿಯಾಗಿ ಹಾರಿ, ಏಳನೆಯ ತೋಟಾ ಜಾಗ ತಪ್ಪಿ ಸಿಕ್ಕಿಕೊಳ್ಳುತ್ತಿತ್ತು. ಕೈಯಿಂದ ತಯಾರಿಸಿದ ಮಾದರಿಗಳಲ್ಲಿ ಈ ತೊಂದರೆ ಇರಲಿಲ್ಲ. ಎರಡನ್ನೂ ಹೋಲಿಸಿ ನೋಡಿದಾಗ, ತೋಟಾಕ್ಕೆ ದಾರಿ ತೋರುವ ಒಳಗಿನ ಸಣ್ಣ ಏಣೊಂದನ್ನು ಕಾರ್ಖಾನೆಯ ಯಂತ್ರ ಕತ್ತರಿಸಿ ಹಾಕುತ್ತಿದೆ ಎಂದು ತಿಳಿಯಿತು. ತಪ್ಪು ಸೈನಿಕನದೂ ಅಲ್ಲ, ವಿನ್ಯಾಸದ್ದೂ ಅಲ್ಲ. ಮಳೆಯಲ್ಲಿ ನೆನೆದು ಬೋಲ್ಟ್ ಬಿಗಿಯಾಗುವ ಸಮಸ್ಯೆಗೆ ತಕ್ಕ ಗ್ರೀಸ್ ಸಾಕಾಯಿತು.

ಯುದ್ಧ ಮುಗಿಯುವ ವೇಳೆಗೆ ಇಂತಹ 40 ಲಕ್ಷ ರೈಫಲ್‌ಗಳು ತಯಾರಾಗಿದ್ದವು. ಗ್ಯಾರಂಡ್ ತಮ್ಮ ಹಕ್ಕುಗಳನ್ನು ಸರಕಾರಕ್ಕೆ ಬಿಟ್ಟುಕೊಟ್ಟಿದ್ದರು. ಸಂಬಳವಲ್ಲದೆ ರೈಫಲ್ ಒಂದಕ್ಕೆ ಇಷ್ಟೆಂಬ ಗೌರವಧನ ಅವರಿಗೆ ಸಿಗಲಿಲ್ಲ. ಒಂದು ಲಕ್ಷ ಡಾಲರ್ ಕೊಡಬೇಕೆಂಬ ಮಸೂದೆಯೂ ಅಂಗೀಕಾರವಾಗಲಿಲ್ಲ. 1944ರಲ್ಲಿ ಸರಕಾರದ ಪದಕ ಬಂತು. 1953ರಲ್ಲಿ ನಿವೃತ್ತರಾದ ಅವರು 1974ರ ಫೆಬ್ರವರಿ 16ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಿಧನರಾದರು.

ಆಯುಧವನ್ನು ಮೆಚ್ಚದವರೂ ಈ ಬದುಕಿನಿಂದ ಕಲಿಯುವುದುಂಟು. ಯಂತ್ರ ನಿಂತಾಗ ಯಾರನ್ನೋ ದೂರುವುದು ಸುಲಭ. ಸರಿಯಾಗಿ ನಡೆಯುವುದನ್ನೂ ನಡೆಯದಿರುವುದನ್ನೂ ಪಕ್ಕಪಕ್ಕದಲ್ಲಿಟ್ಟು, ತಾಳ್ಮೆಯಿಂದ ವ್ಯತ್ಯಾಸ ಹುಡುಕುವುದೇ ನಿಜವಾದ ವಿದ್ಯೆ.