ಗೆರಾರ್ಡಸ್ ಮರ್ಕೇಟರ್

ಗೆರಾರ್ಡಸ್ ಮರ್ಕೇಟರ್ (ಮಾರ್ಚ್ ೫, ೧೫೧೨ – ಡಿಸೆಂಬರ್ ೨, ೧೫೯೪) ಫ್ಲಾಂಡರ್ಸ್‌ನ ಭೂಪಟ ರಚನಕಾರ ಹಾಗೂ ಕೆತ್ತನೆಗಾರ. ಗೋಳದ ಮೇಲಿನ ಅಕ್ಷಾಂಶ, ರೇಖಾಂಶಗಳನ್ನು ಸಮತಲದ ನಿರ್ದೇಶಾಂಕಗಳಾಗಿ ಪರಿವರ್ತಿಸುವ ಮರ್ಕೇಟರ್ ಪ್ರಕ್ಷೇಪದ ಕರ್ತೃವೆಂದು ಪ್ರಸಿದ್ಧನಾಗಿದ್ದಾನೆ.

ಜೀವನ

ರೂಪೆಲ್‌ಮೊಂಡೆ ಎಂಬ ಊರಿನಲ್ಲಿ ಬಡ ಚಮ್ಮಾರನ ಮಗನಾಗಿ ಜನಿಸಿದ ಈತ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದನು. ೧೫೩೬ರಲ್ಲಿ ಗೆಮ್ಮಾ ಫ್ರಿಸಿಯಸ್‌ನ ಭೂಗೋಳ ಮಾದರಿಗೆ ಅಕ್ಷರಗಳನ್ನು ಕೆತ್ತಿದನು.

೧೫೪೪ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಬಂಧಿತನಾಗಿ ಸುಮಾರು ಏಳು ತಿಂಗಳು ಸೆರೆಯಲ್ಲಿದ್ದನು. ಅದೇ ಪ್ರಕರಣದಲ್ಲಿ ಸಿಕ್ಕಿಬಿದ್ದ ಕೆಲವರು ಮರಣದಂಡನೆಗೆ ಗುರಿಯಾದರು. ವಿಶ್ವವಿದ್ಯಾನಿಲಯವು ಈತನ ಪರ ನಿಂತಿತು. ಸಾಕ್ಷ್ಯ ದೊರೆಯದೆ ಬಿಡುಗಡೆಯಾಯಿತು. ೧೫೫೨ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ಗೆ ವಲಸೆ ಹೋಗಿ ಕೊನೆಯವರೆಗೂ ಅಲ್ಲಿಯೇ ನೆಲೆಸಿದನು. ಮುಂದಿನ ಮಹತ್ಕಾರ್ಯವೆಲ್ಲ ನಡೆದುದು ಈ ಊರಿನಲ್ಲಿ.

೧೫೬೯ರ ಭೂಪಟ

ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ಹಡಗಿನ ದಾರಿ ಹಳೆಯ ಭೂಪಟಗಳಲ್ಲಿ ಸಾಮಾನ್ಯವಾಗಿ ವಕ್ರವಾಗಿ ಕಾಣುತ್ತಿತ್ತು. ಅದನ್ನು ಸರಳರೇಖೆಯಾಗಿಸುವುದು ಮರ್ಕೇಟರನ ಗುರಿ. ಧ್ರುವಗಳತ್ತ ಕೂಡಿಕೊಳ್ಳುವ ರೇಖಾಂಶಗಳನ್ನು ಸಮಾಂತರವಾಗಿ ಎಳೆದರೆ ಪೂರ್ವ-ಪಶ್ಚಿಮದ ದೂರ ಹಿಗ್ಗುತ್ತದೆ. ೬೦ನೆಯ ಅಕ್ಷಾಂಶದಲ್ಲಿ ಅದು ಇಮ್ಮಡಿಯಾಗುತ್ತದೆ. ಉತ್ತರ-ದಕ್ಷಿಣವನ್ನೂ ಅಷ್ಟೇ ಹಿಗ್ಗಿಸಿದರೆ ಕೋನಗಳು ಕೆಡುವುದಿಲ್ಲ. ೧೮ ಹಾಳೆಗಳ ಆ ಭೂಪಟದ ಮರ್ಮವಿಷ್ಟೆ. ಇದಕ್ಕೆ ತೆತ್ತ ಬೆಲೆ ವಿಸ್ತೀರ್ಣ: ಆಫ್ರಿಕಾದ ಹದಿನಾಲ್ಕನೆಯ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಅದಕ್ಕೆ ಸಮನಾಗಿ ತೋರುತ್ತದೆ. ಶಾಲೆಯ ಗೋಡೆಯ ಭೂಪಟವನ್ನಷ್ಟೇ ನೋಡಿ ಬೆಳೆದವರಿಗೆ ಇದನ್ನು ನಂಬಿಸುವುದು ಕಷ್ಟ. ಮರ್ಕೇಟರನು ಗಣಿತಸೂತ್ರವನ್ನು ಕೊಡಲಿಲ್ಲ. ೧೫೯೯ರಲ್ಲಿ ಎಡ್ವರ್ಡ್ ರೈಟ್ ಲೆಕ್ಕದ ಕೋಷ್ಟಕಗಳನ್ನು ಪ್ರಕಟಿಸಿದನು.

ಗಣಕಯಂತ್ರದಲ್ಲಿ

ಅಂತರಜಾಲದ ಬಹುತೇಕ ಭೂಪಟಗಳು ಇದೇ ಪ್ರಕ್ಷೇಪದ ಒಂದು ರೂಪವನ್ನು ಅನುಸರಿಸುತ್ತವೆ. ಪರದೆಯ ಮೇಲೆ ಕರ್ಸರ್ ನಿಂತ ಜಾಗ ಮೊದಲು ಪಿಕ್ಸೆಲ್‌ಗಳ ಎಣಿಕೆಯಾಗಿ ದೊರೆಯುತ್ತದೆ. ಈ ಎಣಿಕೆ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಸಾಗುವುದರಿಂದ, ಲಂಬ ಅಳತೆಯ ಚಿಹ್ನೆಯನ್ನು ತಿರುಗಿಸಿ, ಸಮಭಾಜಕ ವೃತ್ತದಿಂದಿರುವ ದೂರವನ್ನು ಭೂಪಟದ ಮಾನದಲ್ಲಿ ಭೂಮಿಯ ತ್ರಿಜ್ಯದಿಂದ ಭಾಗಿಸಬೇಕು. ಫೋರ್ಟ್ರಾನ್ ಭಾಷೆಯಲ್ಲಿ ಆ ಭಾಗಲಬ್ಧದ ಘಾತೀಯ ಮೌಲ್ಯಕ್ಕೆ ವಿಲೋಮ ಸ್ಪರ್ಶಜ್ಯಾ ಫಲನವನ್ನು ಅನ್ವಯಿಸಿ, ಇಮ್ಮಡಿಸಿ, ೯೦ ಡಿಗ್ರಿಗೆ ಸಮನಾದ ರೇಡಿಯನ್ ಕಳೆದರೆ ಅಕ್ಷಾಂಶ ಸಿಗುತ್ತದೆ. ರೇಖಾಂಶಕ್ಕೆ ಬರಿಯ ಭಾಗಾಕಾರ ಸಾಕು.

ಕೊನೆಯ ದಿನಗಳು

೧೫೯೦ರಲ್ಲಿ ಪಾರ್ಶ್ವವಾಯು ತಗುಲಿತು. ನಾಲ್ಕು ವರ್ಷಗಳ ನಂತರ ಡ್ಯೂಸ್‌ಬರ್ಗ್‌ನಲ್ಲಿ ನಿಧನನಾದನು. ಭೂಪಟಗಳ ಸಂಪುಟಕ್ಕೆ ಅಟ್ಲಾಸ್ ಎಂಬ ಹೆಸರಿಟ್ಟವನು ಈತನೇ. ಅಪೂರ್ಣವಾಗಿ ಉಳಿದಿದ್ದ ಆ ಕೃತಿಯನ್ನು ಮಗ ರುಮೋಲ್ಡ್ ೧೫೯೫ರಲ್ಲಿ ಹೊರತಂದನು.