ಗಾಳದ ಮೇಲೆ ಅಧ್ಯಾಯ ಬರೆದ ಕಲ್ಯಾಣದ ಅರಸ

ಚಳಿಗಾಲ ಬಂತೆಂದರೆ ನಮ್ಮ ಹಲಬರ್ಗಾದ ಹುಡುಗರ ಮೊಬೈಲಿನಲ್ಲಿ ಒಂದು ಥರದ ವಿಡಿಯೋ ಓಡುತ್ತಿರುತ್ತದೆ. ಹಿಮ ಬಿದ್ದ ಬೆಟ್ಟ, ಕಲ್ಲುಗಳ ನಡುವೆ ಹರಿಯುವ ಹಳ್ಳ, ಸೊಂಟದ ತನಕ ನೀರಲ್ಲಿ ನಿಂತ ಮನುಷ್ಯ, ಉದ್ದನೆಯ ಕೋಲು, ದಾರದ ತುದಿಗೆ ಗರಿ-ಉಣ್ಣೆಯಲ್ಲಿ ಕಟ್ಟಿದ ಸುಳ್ಳು ನೊಣ. ಟ್ರೌಟ್ ಮೀನು ಅದನ್ನು ನಿಜವಾದ ನೊಣವೆಂದು ನಂಬಿ ಕಚ್ಚುತ್ತದೆ. ಹಿಡಿದವನು ಫೋಟೋ ತೆಗೆದು ಅದನ್ನು ಮತ್ತೆ ನೀರಿಗೆ ಬಿಡುತ್ತಾನೆ. ಹೊಟ್ಟೆಗಲ್ಲ, ಖುಷಿಗೆ. ಇದೆಲ್ಲ ಇಂಗ್ಲಿಷರ ಶೋಕಿ ಅಂತ ನೋಡುವವರು ನಗುತ್ತಾರೆ.

ಟ್ರೌಟ್ ನಮ್ಮ ಮಾಂಜ್ರಾದಲ್ಲಾಗಲಿ ಕಾರಂಜಾದಲ್ಲಾಗಲಿ ಬದುಕುವ ಮೀನಲ್ಲ, ನಿಜ. ಬೀದರಿನ ಚಳಿ ಎಷ್ಟೇ ಕೊರೆದರೂ ಅದಕ್ಕೆ ವರ್ಷವಿಡೀ ತಣ್ಣನೆಯ ನೀರು ಬೇಕು. ನಮ್ಮ ಮೇ ತಿಂಗಳು ಹೇಗಿರುತ್ತೆ ಗೊತ್ತಲ್ಲ. ದಕ್ಷಿಣದಲ್ಲಿ ಅದು ಸಿಗೋದು ನೀಲಗಿರಿ, ಮುನ್ನಾರಿನಂಥ ಎತ್ತರದಲ್ಲಿ, ಅದೂ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ಆದರೆ ಖುಷಿಗಾಗಿ ಗಾಳ ಹಾಕೋದನ್ನೂ ಅವರೇ ಕಲಿಸಿದರು ಅನ್ನೋದು ಸುಳ್ಳು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಬರಹ ಅಚ್ಚಾದದ್ದು 1496ರಲ್ಲಿ. ಅದಕ್ಕೂ 350ಕ್ಕೂ ಹೆಚ್ಚು ವರ್ಷ ಮೊದಲು, ನಮ್ಮದೇ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದ ಅರಸನೊಬ್ಬ ಇದರ ಮೇಲೆ ಇಡೀ ಒಂದು ಅಧ್ಯಾಯ ಬರೆದಿದ್ದ. ಹೆಸರು ಮೂರನೇ ಸೋಮೇಶ್ವರ.

ವಾಟ್ಸಾಪಿನಲ್ಲಿ ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಸುಳ್ಳು ನೊಣದ ವಿದ್ಯೆ ಅವನದಲ್ಲ. ಮ್ಯಾಸಿಡೋನಿಯಾದ ಜನ ಕೆಂಪು ಉಣ್ಣೆ, ಕೋಳಿಗರಿ ಕಟ್ಟಿ ಹಾಗೆ ಮೀನು ಹಿಡಿಯುತ್ತಿದ್ದರೆಂದು ಈಲಿಯನ್ ಎಂಬ ರೋಮನ್ ಲೇಖಕ ಅವನಿಗಿಂತ ಒಂಬೈನೂರು ವರ್ಷ ಹಿಂದೆಯೇ ಬರೆದಿದ್ದಾನೆ. ನನಗೆ ಸೋಮೇಶ್ವರ ಬೇಕಾಗಿರೋದು ಬೇರೆ ಕಾರಣಕ್ಕೆ.

ಅವನು ಆರನೇ ವಿಕ್ರಮಾದಿತ್ಯನ ಮಗ. ತಂದೆ 1076ರಿಂದ 1126ರ ತನಕ, ಬರೋಬ್ಬರಿ ಐವತ್ತು ವರ್ಷ ಆಳಿದವನು. ತನ್ನದೇ ಶಕೆ ಶುರು ಮಾಡಿದವನು. ಕಾಶ್ಮೀರದ ಬಿಲ್ಹಣ, ಮಿತಾಕ್ಷರ ಬರೆದ ವಿಜ್ಞಾನೇಶ್ವರ ಅವನ ಆಶ್ರಯದಲ್ಲಿದ್ದರು. ಅಂಥವನ ನಂತರ ಪಟ್ಟಕ್ಕೆ ಬಂದ ಮಗನಿಗೆ ಭೂಲೋಕಮಲ್ಲ ಎಂಬ ಬಿರುದಿತ್ತು, ಆದರೆ ಮಲ್ಲತನ ಅಷ್ಟಕ್ಕಷ್ಟೆ. ತಂದೆ ಗೆದ್ದ ವೆಂಗಿ ಚೋಳರ ಪಾಲಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಸಾಮಂತನೆಂಬ ಹೆಸರಿಗಷ್ಟೇ ಸಾಮಂತ. ಯುದ್ಧದ ಲೆಕ್ಕದಲ್ಲಿ ಅರಸರನ್ನು ಅಳೆಯುವ ಇತಿಹಾಸಕಾರರು ಇವನನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ.

ಅವನ ಇನ್ನೊಂದು ಬಿರುದು ಸರ್ವಜ್ಞ. ಅದಕ್ಕೆ ಸಾಕ್ಷಿ 1130ರ ಆಸುಪಾಸು ಸಂಸ್ಕೃತದಲ್ಲಿ ಸಿದ್ಧವಾದ ಮಾನಸೋಲ್ಲಾಸ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ರಾಜ್ಯ ಪಡೆಯೋದು, ಉಳಿಸಿಕೊಳ್ಳೋದು ಮೊದಲೆರಡು ಭಾಗದಲ್ಲೇ ಮುಗಿದುಹೋಗುತ್ತೆ. ಉಳಿದದ್ದೆಲ್ಲ ಉಣ್ಣೋದು, ಉಡೋದು, ಹಾಡೋದು, ಆಡೋದು. ಕುಸ್ತಿ, ಕೋಳಿ ಜಗಳ, ಟಗರಿನ ಕಾಳಗ, ನಾಯಿ, ಗಿಡುಗ, ಪಾರಿವಾಳ, ಇವುಗಳ ನಡುವೆ ಮತ್ಸ್ಯವಿನೋದ.

ಆ ಅಧ್ಯಾಯವನ್ನು ನಾನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದೇನೆ. ಸಮುದ್ರದ ಮೀನು ಯಾವುದು, ಹೊಳೆಯದು ಯಾವುದು, ಪೊರೆ ಇರೋದು, ಇಲ್ಲದ್ದು, ದೊಡ್ಡದು, ಸಣ್ಣದು ಅಂತ ವಿಂಗಡಿಸಿ 30ಕ್ಕೂ ಹೆಚ್ಚು ಬಗೆಯ ಹೆಸರು ಹೇಳುತ್ತಾನೆ. ರೋಹಿತ ಅಂದರೆ ಇವತ್ತಿನ ರೋಹು. ಪಾಠೀನ ಅಂದರೆ ನಮ್ಮ ಬಾಳೆ ಮೀನು. ಯಾವ ಮೀನಿಗೆ ಯಾವ ಆಹಾರ ಹಾಕಿ ಮೊದಲು ಒಂದು ಜಾಗಕ್ಕೆ ರೂಢಿ ಮಾಡಿಸಬೇಕು, ಹಿಟ್ಟಿನ ಉಂಡೆ ಯಾವುದಕ್ಕೆ, ಮಾಂಸದ ತುಂಡು ಯಾವುದಕ್ಕೆ, ದಾರ ಹೇಗಿರಬೇಕು, ಬಿದಿರು ಹೇಗಿರಬೇಕು, ಎಲ್ಲ ಇದೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಒಂದೇ ಅಧ್ಯಾಯದ ಮೇಲೆ ದೀರ್ಘ ಲೇಖನ ಬರೆದರು.

ಈಗ ಸ್ವಲ್ಪ ಯೋಚಿಸಿ. ಕಲ್ಯಾಣದಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಯಾವ ಮೀನು ಏನು ತಿನ್ನುತ್ತೆ ಅನ್ನೋದು ಸಿಂಹಾಸನದ ಮೇಲೆ ಕೂತವನಿಗೆ ಹೊಳೆಯುವ ವಿಷಯವಲ್ಲ. ತಲೆಮಾರುಗಳಿಂದ ನೀರಿನಲ್ಲಿ ನಿಂತವರು ಯಾರೋ ಹೇಳಿರಲೇಬೇಕು ಅಂತ ನನ್ನ ನಂಬಿಕೆ. ಪುಸ್ತಕದಲ್ಲಿ ಮೀನಿಗೆ ಹೆಸರಿದೆ, ಅವರಿಗಿಲ್ಲ. ಅರಸನ ವಿನೋದ ಅವರ ಕೂಳು. ನಮ್ಮ ಭಾಗದ ಕೋಲಿ, ಕಬ್ಬಲಿಗರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಅಂತ ದಶಕಗಳಿಂದ ಕೇಳುತ್ತಲೇ ಇದ್ದಾರೆ, ಪ್ರತಿ ಸಲ ಕುಲಶಾಸ್ತ್ರದ ಪುರಾವೆಯ ಪ್ರಶ್ನೆ ಏಳುತ್ತದೆ. ಅವರ ವಿದ್ಯೆ ಬೇರೆಯವರ ಪುಸ್ತಕದಲ್ಲಿ ಬೇರೆಯವರ ಹೆಸರಲ್ಲಿ ಕೂತಿರೋದು ಹೀಗೆ.

ಇನ್ನು ಊಟದ ಅಧ್ಯಾಯ. ಇಡ್ಲಿ, ದೋಸೆ, ವಡೆಗಳ ಹಳೆಯ ರೂಪ ಅಲ್ಲಿದೆ ಅಂತ ಹೋಟೆಲ್ ಜಾಹೀರಾತುಗಳೂ ಹೇಳುತ್ತವೆ. ಅದರ ಪಕ್ಕದಲ್ಲೇ ಮೀನು, ಆಮೆ, ಹಂದಿ ಮಾಂಸ, ಹೊಲದ ಇಲಿಯ ಹುರಿದ ಪಾಕ ಇರೋದನ್ನು ಮಾತ್ರ ಯಾರೂ ಎತ್ತಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿ ಈ ಭಾಗದ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಇದು ನಮ್ಮ ಸಂಸ್ಕೃತಿಯಲ್ಲ ಅಂತ ಕೆಲವು ಮಠಾಧೀಶರು ಬೀದಿಗಿಳಿದರು. ಅಪೌಷ್ಟಿಕತೆ ಜಾಸ್ತಿ ಇರುವ ಜಿಲ್ಲೆಗಳು ಅಂತಲೇ ಇವನ್ನು ಆರಿಸಿದ್ದು. ಅದಕ್ಕೂ ಎರಡು ವರ್ಷ ಹಿಂದೆ, 2019ರಲ್ಲಿ, ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿದ್ದೆವು. ಆ ಕಲ್ಯಾಣದ ಅಡುಗೆಮನೆ ಹೇಗಿತ್ತು ಅಂತ ಅದನ್ನಾಳಿದವನೇ ಬರೆದಿಟ್ಟಿದ್ದಾನಲ್ಲ, ಅದನ್ನು ಕೇಳುವವರೇ ಇಲ್ಲ. ಅರಸ ತಿಂದದ್ದೇ ಸರಿ ಅಂತಲ್ಲ. ಸಂಸ್ಕೃತಿಯ ಹೆಸರಲ್ಲಿ ಮಗುವಿನ ತಟ್ಟೆಗೆ ಕೈ ಹಾಕುವವರು ಮೊದಲು ಆ ಸಂಸ್ಕೃತಿಯ ಪುಸ್ತಕವನ್ನಾದರೂ ತೆರೆಯಲಿ ಅಂತ.

ಸೋಮೇಶ್ವರ ತಂದೆಯ ಚರಿತ್ರೆಯನ್ನೂ ಬರೆಯಲು ಕೂತ. ವಿಕ್ರಮಾಂಕಾಭ್ಯುದಯ ಅದರ ಹೆಸರು, ನಮಗೆ ಸಿಕ್ಕಿರೋದು ಅಪೂರ್ಣ. 1138ರಲ್ಲಿ ಅವನ ಆಳ್ವಿಕೆ ಮುಗಿಯಿತು. ಇಪ್ಪತ್ತೈದು ವರ್ಷದೊಳಗೆ ಸಾಮಂತ ಬಿಜ್ಜಳ ಅವನ ಮಕ್ಕಳ ಕೈಯಿಂದ ಸಿಂಹಾಸನ ಕಸಿದುಕೊಂಡ. ಬಿಜ್ಜಳನ ಆ ಕಲ್ಯಾಣಕ್ಕೇ ಬಸವಣ್ಣ ಬಂದದ್ದು, ಮಡಿವಾಳರು, ಸಮಗಾರರು, ನೇಕಾರರು ಬಂದು ಸೇರಿದ್ದು. ಅರಮನೆಯ ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಮಾತಾಡಿದ್ದು. ಅವರಲ್ಲೊಬ್ಬ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು. ಉಳಿದ ಶರಣರು ವಚನದ ಕೊನೆಗೆ ತಮ್ಮ ತಮ್ಮ ದೇವರ ಹೆಸರಿಟ್ಟರೆ ಅವನು ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ: ಅಂಬಿಗರ ಚೌಡಯ್ಯ.